ಹಾಳೆ ಬಾಗು ಗಂಟು

ಸ್ಕೂಟಿಯ ಕೀಲಿ ಹುಡುಕುವಾಗಲೆಲ್ಲ ನನ್ನ ಬ್ಯಾಗಿನಿಂದ ಮೊದಲು ಹೊರಗೆ ಬರುವುದು ಕೀಲಿಯಲ್ಲ, ಒಂದು ಹಗ್ಗದ ತುಂಡು. ಗೇಣುದ್ದದ ಬಿಳಿ ಹಗ್ಗ, ಅದಕ್ಕೆ ಕೂಡಿಸಿದ ಗೇಣುದ್ದದ ಕೆಂಪು ಹುರಿ, ನಡುವೆ ಹುಣಸೆಬೀಜದಷ್ಟು ಒಂದು ಗಂಟು. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಶಾಲೆಗೆ ಹೊತ್ತಾಗಿತ್ತು, ಬ್ಯಾಗನ್ನು ಕಟ್ಟೆಯ ಮೇಲೆ ಬೋರಲು ಹಾಕಿದೆ, ಬಿದ್ದದ್ದು ಅದೇ. ನಮ್ಮನೆಯವರು ಪೇಪರಿನಿಂದ ತಲೆಯೆತ್ತಿ, “ಅದನ್ನ ಇನ್ನೂ ಒಗದಿಲ್ಲೇನು? ಯಾರರ ಮಾಟ ಮಾಡಿಸಿ ಕೊಟ್ಟಾರೇನ ನಿನಗ?” ಎಂದರು. “ಮಾಟ ಅಲ್ರಿ, ಪರೀಕ್ಷಾ ಉತ್ತರಪತ್ರಿಕೆ ಅದು,” ಎಂದೆ. ಅವರು ಮತ್ತೆ ಪೇಪರಿನೊಳಗೆ ಇಳಿದುಬಿಟ್ಟರು. ನೀವಾದರೂ ಕೇಳಿ.

ಮೊದಲೇ ಹೇಳಿಬಿಡುತ್ತೇನೆ, ಗಂಟಿಗೂ ನನಗೂ ಆಗಿಬರುವುದಿಲ್ಲ. ನಾನು ಹುಟ್ಟಿ ಬೆಳೆದದ್ದು ಜಮಖಂಡಿಯಲ್ಲಿ. ಅಪ್ಪ ಕಚೇರಿಯ ಗುಮಾಸ್ತ, ಮನೆಯಲ್ಲಿ ಮಗ್ಗ ಇಲ್ಲ, ದನ ಇಲ್ಲ, ಹಗ್ಗ ಹಿಡಿಯುವ ಕೆಲಸವೇ ಇಲ್ಲ. ಐದನೇ ಇಯತ್ತೆಯವರೆಗೆ ನನ್ನ ಬೂಟಿನ ಲೇಸನ್ನು ಅಣ್ಣ ಕಟ್ಟುತ್ತಿದ್ದ. ಲಂಗದ ಲಾಡಿಗೆ ನಾನು ಹಾಕಿದ ಗಂಟನ್ನು ಅವ್ವ ಹಲ್ಲಿನಿಂದ ಬಿಚ್ಚುತ್ತ, “ಇದೇನ ಗಂಟೇನ ನಿಂದು, ಕೋರ್ಟ್ ಕೇಸ!” ಎಂದು ಬೈಯುತ್ತಿದ್ದಳು. ಶಾಲೆಯಿಂದ ಎಲ್ಲರೂ ಗುಡ್ಡ ಹತ್ತಲು ಹೋದ ದಿನ ನನಗೆ ನೆಗಡಿಯೆಂದು ಕಳಿಸಲಿಲ್ಲ. ಮರುದಿನ ಮಾಸ್ತರರು ‘ನಾವು ಗುಡ್ಡ ಹತ್ತಿದ್ದು’ ಎಂಬ ಪ್ರಬಂಧ ಬರೆಸಿದರು. ಹೋಗದಿದ್ದ ನನ್ನ ಪ್ರಬಂಧವೇ ಎಲ್ಲಕ್ಕಿಂತ ಛಲೋ ಆಗಿದೆಯೆಂದು ವರ್ಗದಲ್ಲಿ ಓದಿಸಿದರು. ನನ್ನ ಸಾಹಸದ ಅನುಭವವೆಲ್ಲ ಅಲ್ಲಿಗೆ ಮುಗಿದಿತ್ತು.

ಇಂಥವಳನ್ನು ನಮ್ಮ ರಬಕವಿಯ ಶಾಲೆಯಲ್ಲಿ ಸೇವಾ ಸಾಹಸ ದಳದ ಮುಖ್ಯಸ್ಥೆಯನ್ನಾಗಿ ಮಾಡಿದರು. ಕಾರಣ ನನ್ನ ಬೂಟು. ಹಿಮ್ಮಡಿ ನೋವಿಗೆಂದು ಡಾಕ್ಟರರು ಸೀರೆಯ ಕೆಳಗೂ ಸ್ಪೋರ್ಟ್ಸ್ ಬೂಟು ಹಾಕಲು ಹೇಳಿದ್ದರು. ದಳ ನೋಡಿಕೊಳ್ಳುತ್ತಿದ್ದ ಮಾಸ್ತರರಿಗೆ ಬೀಳಗಿಗೆ ವರ್ಗವಾದ ದಿನ ಹೆಡ್‌ಮಾಸ್ತರರು ಸ್ಟಾಫ್‌ರೂಮಿಗೆ ಬಂದು ಎಲ್ಲರ ಕಾಲು ನೋಡಿದರು. “ಟೀಚರ್, ನೀವ ತಯಾರ ಅದೀರಲ್ಲ!” ಎಂದರು. ಅಷ್ಟೇ ಸಂದರ್ಶನ.

ದಳದ ಹೆಸರನ್ನು ಊರು ಒಂದೇ ವಾರದಲ್ಲಿ ಜಗಿದು ‘ಸಾಸಿವಿ ದಳ’ ಮಾಡಿಬಿಟ್ಟಿತು. ಹನ್ನೆರಡು ಹುಡುಗಿಯರು, ಹಳದಿ ಟೋಪಿ. ಹೆಸರು ಒಪ್ಪುತ್ತಿತ್ತು ಬಿಡಿ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂದು ತಾಸು ಓಣಿಯಲ್ಲಿ ಏನಾದರೂ ಸೇವೆ ಮಾಡಬೇಕು, ಮಾಡಿದ್ದನ್ನು ಸೇವಾ ವಹಿಯಲ್ಲಿ ಬರೆಯಬೇಕು. ವರ್ಷದ ಕೊನೆಗೆ ಸಾಹಸದ ಪರೀಕ್ಷೆ. ಅದರಲ್ಲಿ ಪಾಸಾದವರಿಗೆ ಒಂದು ದಿನದ ಕಾಲ್ನಡಿಗೆ. ಈ ಸಲ ಮುಧೋಳದವರೆಗೆ ಬಸ್ಸು, ಅಲ್ಲಿಂದ ಹೊಲದ ದಾರಿ ಹಿಡಿದು ತಿಮ್ಮಾಪುರದ ಮುಧೋಳ ನಾಯಿ ತಳಿ ಕೇಂದ್ರದವರೆಗೆ ನಡಿಗೆ ಎಂದು ನಿರ್ಧಾರವಾಗಿತ್ತು.

ವಹಿ ಓದುವುದು ನನಗೆ ಬಲು ಖುಷಿ. ಹುಡುಗಿಯರು ಸೇವೆಯನ್ನು ಎಲ್ಲೆಲ್ಲಿ ಹುಡುಕುತ್ತಾರೆ ನೋಡಿ. ಒಬ್ಬಳು ‘ಅಂಗನವಾಡಿ ಅಂಗಳ ಕಸ ಹೊಡೆದೆ’ ಎಂದು ಬರೆದರೆ, ಇನ್ನೊಬ್ಬಳು ‘ಕಾಕಾನ ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟೆ’ ಎಂದು ಬರೆಯುತ್ತಿದ್ದಳು. ಮತ್ತೊಬ್ಬಳು ‘ಅಜ್ಜನಿಗೆ ಬೀಡಿ ಬಿಡು ಎಂದೆ, ಬಿಡಲಿಲ್ಲ’ ಎಂದು ಬರೆದು ಒಂದು ತಾಸು ಹಾಕಿದ್ದಳು; ನಾನು ಅರ್ಧ ತಾಸು ಕೊಟ್ಟೆ. ಆದರೆ ಒಂಬತ್ತನೇ ವರ್ಗದ ಭಾಗೀರಥಿಯ ವಹಿಯಲ್ಲಿ ಮಾತ್ರ ವಾರ ವಾರವೂ ಒಂದೇ ಸಾಲು: ‘ನೀಲವ್ವಜ್ಜಿ ಜೋಡಿ ಮಾತಾಡಿದೆ.’ ಕೆಳಗೆ ಮತ್ತೆ: ‘ನೀಲವ್ವಜ್ಜಿ ಜೋಡಿ ಮಾತಾಡಿದೆ.’ ಇದೆಂಥ ಸೇವೆಯವ್ವಾ, ಹರಟೆ ಹೊಡೆಯುವುದು? ಹಾಗೆಂದು ಕೆಂಪು ಮಸಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಮುಂದಿನ ವಾರ ಅದರ ಕೆಳಗೆ ಮತ್ತದೇ ಸಾಲು.

ಭಾಗೀರಥಿ ನೇಕಾರರ ಮನೆಯವಳು. ಮಾತು ಕಡಿಮೆ, ಪ್ರಶ್ನೆ ಜಾಸ್ತಿ. ಒಮ್ಮೆ ಬನಹಟ್ಟಿ ಸಂತೆಯಲ್ಲಿ ಯಾರೋ ಮೋಟಾರ್‌ಸೈಕಲ್ಲಿನ ಪೆಟ್ರೋಲ್ ಟಾಕಿಯ ಮೇಲೆ ಮುಧೋಳದ ನಾಯಿ ಕೂರಿಸಿಕೊಂಡು ಹೋದದ್ದನ್ನು ನೋಡಿದ್ದಳಂತೆ. ಅಂದಿನಿಂದ ಅವಳ ತಲೆಯಲ್ಲಿ ಒಂದೇ ಹುಳ. ಇತಿಹಾಸದ ಪಾಠದ ನಡುವೆ ಕೈಯೆತ್ತಿ, “ಟೀಚರ್, ಆ ನಾಯಿ ಹೊಟ್ಟಿ ಎಲ್ಲಿ ಹೋಗಿರತೈತ್ರಿ? ಮುಂದ ಎದಿ ಐತಿ, ಹಿಂದ ಕಾಲ ಅದಾವ, ನಡುವ ಏನೂ ಇಲ್ಲಲ್ರಿ?” ಎಂದು ಕೇಳಿದ್ದಳು. ವರ್ಗವೆಲ್ಲ ನಕ್ಕಿತು. ನನಗೂ ಗೊತ್ತಿರಲಿಲ್ಲ, ಅದಕ್ಕೇ ನಾನು ಸಿಟ್ಟಾದೆ.

ತಿಮ್ಮಾಪುರ ಎಂದದ್ದೇ ತಡ, ಅವಳ ಮುಖ ಅರಳಿತ್ತು. ಹಿಂದಿನ ವರ್ಷ ಮನೆಯಲ್ಲಿ ಕೆಲಸವೆಂದು ಕಳಿಸಿರಲಿಲ್ಲ. ಮುಂದಿನ ವರ್ಷ ಹತ್ತನೇ ವರ್ಗ, ಎಲ್ಲಿಗೂ ಕಳಿಸುವುದಿಲ್ಲ. ಈ ವರ್ಷ ಹೇಗೋ ಅವ್ವನನ್ನು ಒಪ್ಪಿಸಿದ್ದಳು. ಹೋದರೆ ಈಗ, ಇಲ್ಲವೆಂದರೆ ಇಲ್ಲ.

ಪರೀಕ್ಷೆಯಲ್ಲಿ ಎಲ್ಲ ಸುಸೂತ್ರವಾಗಿತ್ತು, ಗಂಟಿನವರೆಗೆ. ನಮ್ಮ ಕೈಪಿಡಿ ಇಂಗ್ಲಿಷಿನಿಂದ ಬಂದದ್ದು. ದಪ್ಪ ಹಗ್ಗಕ್ಕೆ ತೆಳು ಹುರಿ ಕೂಡಿಸುವ ಒಂದು ಗಂಟಿಗೆ ಇಂಗ್ಲಿಷಿನಲ್ಲಿ ಶೀಟ್ ಬೆಂಡ್ ಎನ್ನುತ್ತಾರಂತೆ; ಹಡಗಿನವರ ಮಾತಿನಲ್ಲಿ ಶೀಟ್ ಎಂದರೆ ಹಾಯಿಯ ಹಗ್ಗ, ಬೆಂಡ್ ಎಂದರೆ ಗಂಟು. ಅನುವಾದ ಮಾಡಿದ ಪುಣ್ಯಾತ್ಮ ಶೀಟ್ ಎಂದರೆ ಹಾಳೆ, ಬೆಂಡ್ ಎಂದರೆ ಬಾಗು ಎಂದು ಹಿಡಿದು ‘ಹಾಳೆ ಬಾಗು ಗಂಟು’ ಎಂದು ಬರೆದುಬಿಟ್ಟಿದ್ದ. ಮೊದಲ ದಿನ ನಾಲ್ವರು ಹುಡುಗಿಯರು ವಹಿಯ ಹಾಳೆ ಹರಿದು ಬಾಗಿಸಿಕೊಂಡು ಕೂತಿದ್ದರು. ನಾನೂ ಒಂದು ಕ್ಷಣ ಹಾಳೆ ಹುಡುಕಿದ್ದು ಖರೆ, ಯಾರಿಗೂ ಹೇಳಬೇಡಿ. ಆಮೇಲೆ ಚಿತ್ರ ನೋಡಿ, ಏಳು ಹಂತ ಬಾಯಿಪಾಠ ಮಾಡಿ, ಎರಡು ರವಿವಾರ ಅಡುಗೆಮನೆಯಲ್ಲಿ ಕೂತು ಕಲಿತು, ಅವರಿಗೆ ಕಲಿಸಿದೆ.

ಆ ಶುಕ್ರವಾರ ಹನ್ನೊಂದು ಹುಡುಗಿಯರು ಒಬ್ಬೊಬ್ಬರಾಗಿ ಬಂದು, ಒಂದು, ಎರಡು, ಮೂರು ಎಂದು ಹೇಳುತ್ತ, ಟೇಬಲ್ಲಿನ ಮೇಲೆ ಗಂಟು ಹಾಕಿ ರಂಗೋಲಿಯ ಹಾಗೆ ಹರವಿಟ್ಟರು. ಎಷ್ಟು ಚೆಂದ! ಎಲ್ಲರಿಗೂ ‘ಪಾಸು’ ಎಂದು ಬರೆದೆ. ಕೊನೆಗೆ ಭಾಗೀರಥಿ ಬಂದಳು. ಒಂದು ಎಂದಳು, ಎರಡು ಎಂದಳು, ಮೂರಕ್ಕೆ ಕೈ ತಡವರಿಸಿತು. ಬಿಚ್ಚಿ ಮತ್ತೆ ಒಂದು ಎಂದಳು. ಮತ್ತೆ ಮೂರಕ್ಕೇ ನಿಂತಿತು. ಮೂರನೇ ಸಲ ಸಿಟ್ಟು ಬಂತೇನೋ, ಬಾಯಿ ಮುಚ್ಚಿ ಬೆರಳು ಹೀಗೆ ಆಡಿಸಿದಳು, ಅಷ್ಟೇ. ಗಂಟು ಬಿದ್ದಿತ್ತು. ಏನಾಯಿತು ಎಂದು ನನಗೆ ಕಾಣಲೇ ಇಲ್ಲ.

“ಇದೇನು? ಸಾವಕಾಶ ಮಾಡಿ ತೋರಸು,” ಎಂದೆ.

“ಸಾವಕಾಶ ಬರೂದಿಲ್ರಿ ಟೀಚರ್.”

“ಬರೂದಿಲ್ಲ ಅಂದ್ರ? ಏಳು ಹಂತ ಹೇಳಬೇಕು.”

“ಹಂತ ಗೊತ್ತಿಲ್ರಿ. ಕೈಗಷ್ಟ ಗೊತ್ತೈತ್ರಿ.”

ಗಂಟನ್ನು ತಿರುಗಿಸಿ ನೋಡಿದೆ. ಕೈಪಿಡಿಯ ಚಿತ್ರದ ಹಾಗೆ ಇರಲಿಲ್ಲ. ಹುಡುಗಿಯರು ಹಾಕಿದ ಹಾಗೂ ಇರಲಿಲ್ಲ. “ಇದು ಪುಸ್ತಕದಾಗಿಂದಲ್ಲ,” ಎಂದು ಅವಳ ಹೆಸರಿನ ಮುಂದೆ ‘ಇಲ್ಲ’ ಎಂದು ಬರೆದೆ. ಅವಳು ಅಳಲಿಲ್ಲ, ಜಗಳ ತೆಗೆಯಲಿಲ್ಲ. “ಆತ್ರಿ,” ಎಂದು ಟೋಪಿ ತೆಗೆದು ಟೇಬಲ್ಲಿನ ಮೇಲಿಟ್ಟು ಹೋದಳು. ಆ ‘ಆತ್ರಿ’ ಮನೆಯವರೆಗೂ ನನ್ನ ಬೆನ್ನು ಹತ್ತಿತು. ಹಗ್ಗಗಳನ್ನು ಕಪಾಟಿನಲ್ಲಿಡಲೆಂದು ಗಂಟು ಬಿಚ್ಚುತ್ತ ಹೋದೆ. ಹನ್ನೊಂದೂ ಮುಟ್ಟಿದ ಕೂಡಲೇ ಬಿಚ್ಚಿಕೊಂಡವು. ಹನ್ನೆರಡನೆಯದು, ಏನು ಮಾಡಿದರೂ, ಬಿಚ್ಚಲಿಲ್ಲ. ಅದನ್ನು ಬ್ಯಾಗಿಗೆ ಹಾಕಿಕೊಂಡೆ.

ಮರುದಿನ ಶನಿವಾರ. ಪಟ್ಟಿ ನೋಟಿಸ್ ಬೋರ್ಡಿಗೆ ಹಚ್ಚಿಯಾಗಿತ್ತು. ಫೇಲಾದವಳು ಇನ್ನು ಸೇವೆಗೆ ಯಾಕೆ ಹೋಗುತ್ತಾಳೆ ಎಂದುಕೊಂಡಿದ್ದೆ. ಆದರೆ ಗಂಟೆ ಬಾರಿಸಿದ ಕೂಡಲೇ ಭಾಗೀರಥಿ ಎಂದಿನಂತೆ ಓಣಿಯತ್ತ ಹೊರಟಳು. ನನಗೆ ತಡೆಯಲಾಗಲಿಲ್ಲ. ವಾರ ವಾರ ಅದೇನು ಮಾತು? ಅವಳು ತಿರುವಿನಲ್ಲಿ ಮರೆಯಾದ ಮೇಲೆ ನಾನೂ ಹಿಂದೆ ಹೋದೆ. ಪಾವರ್‌ಲೂಮಿನ ಖಟಖಟದಲ್ಲಿ ನನ್ನ ಬೂಟಿನ ಸಪ್ಪಳ ಯಾರಿಗೂ ಕೇಳುವಂತಿರಲಿಲ್ಲ.

ಅವಳು ಹೊಕ್ಕದ್ದು ನೀಲವ್ವಜ್ಜಿಯ ಮನೆ. ಅಜ್ಜಿಯ ಮಕ್ಕಳ ಪಾವರ್‌ಲೂಮು ಪಕ್ಕದ ಕೋಣೆಯಲ್ಲೇ ಓಡುತ್ತಿತ್ತು. ಅಜ್ಜಿ ಮಾತ್ರ ತನ್ನ ಕುಣಿಮಗ್ಗ ಬಿಟ್ಟವಳಲ್ಲ. ಕಾಲು ನೆಲದ ಕುಣಿಯೊಳಗೆ ಇಳಿಬಿಟ್ಟು, ಹಣೆಗೆ ವಿಭೂತಿ ಹಚ್ಚಿ ಕೂತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಲಾಳಿ ಎಸೆಯಲು ಅವಳಿಗೆ ಕಣ್ಣು ಬೇಕಾಗಿರಲಿಲ್ಲ, ಆದರೆ ಎಳೆ ಹರಿದರೆ ತುದಿ ಎಲ್ಲಿದೆಯೆಂದು ಕಾಣುತ್ತಿರಲಿಲ್ಲ. ಮಗ್ಗದ ಆ ಬದಿಗೆ ಭಾಗೀರಥಿ ಕೂತು, ಹರಿದ ಎಳೆ ಹುಡುಕಿ ಹುಡುಕಿ ಗಂಟು ಹಾಕುತ್ತಿದ್ದಳು. ಬಾಯಲ್ಲಿ ಅಜ್ಜಿಯ ಸೊಸೆಯ ಸುದ್ದಿ, ಓಣಿಯ ಸುದ್ದಿ, ನಾಯಿಯ ಹೊಟ್ಟೆಯ ಸುದ್ದಿ. ಬೆರಳುಗಳು ತಮ್ಮಷ್ಟಕ್ಕೆ ತಾವು ಓಡುತ್ತಿದ್ದವು.

“ಇದನ್ನ ಯಾಕ ಬರದಿಲ್ಲ ವಹಿಯೊಳಗ?” ಎಂದೆ ಬಾಗಿಲಲ್ಲೇ ನಿಂತು.

ಹುಡುಗಿ ಬೆಚ್ಚಿ ಎದ್ದಳು. “ಯಾವದನ್ನರಿ?”

“ಈ ಗಂಟ ಹಾಕೂದನ್ನ. ಬರೇ ಮಾತಾಡಿದೆ ಅಂತ ಬರೀತಿಯಲ್ಲ.”

“ಮಾತಾಡೂಮುಂದ ಕೈ ಸುಮ್ನ ಇರತಾವೇನ್ರಿ?” ಎಂದಳು, ನಿಜಕ್ಕೂ ಅರ್ಥವಾಗದೆ.

ಅಷ್ಟರಲ್ಲಿ ಅಜ್ಜಿ ಲಾಳಿ ನಿಲ್ಲಿಸಿ ಧ್ವನಿಯ ಕಡೆ ಮುಖ ಮಾಡಿದಳು. “ಯಾರವಾ ಅದು? ನೀನ ಏನ ನಮ್ಮ ಹುಡುಗಿನ್ನ ನಪಾಸ ಮಾಡಿದಾಕಿ?”

ಪರೀಕ್ಷಾ ಮಂಡಳಿಯ ಮುಂದೆ ನಿಂತವಳ ಹಾಗೆ ಸೆರಗು ಸರಿಮಾಡಿಕೊಂಡೆ. “ಹೌದ್ರಿ ಅಜ್ಜಿ, ಪುಸ್ತಕದಾಗ ಇರೂ ಹಂಗ...”

“ಪುಸ್ತಕದಾಗ ಏನಂತಾರ ಇದಕ್ಕ?”

“ಹಾಳೆ ಬಾಗು ಗಂಟ್ರಿ.”

“ಹಾಳಿ?” ಅಜ್ಜಿ ನಗತೊಡಗಿದಳು, ಕೆಮ್ಮು ಬರುವವರೆಗೆ ನಕ್ಕಳು. “ನೂಲಿಗೆ ಹಾಳಿ ಎಲ್ಲಿಂದ ಬಂತವಾ? ನಮ್ಮವ್ವ ಇದಕ್ಕ ಹೆಸರಾ ಇಟ್ಟಿದ್ದಿಲ್ಲ. ಎಳಿ ಹರೀತು, ಕೂಡಸು ಅಂತಿದ್ಲು, ಅಷ್ಟ. ಬಾ ಇಲ್ಲಿ, ಕುಂದ್ರು. ಒಂದು ಹಾಕು ನೋಡೂಣು.”

ಕೂತೆ. ಎರಡು ಎಳೆ ಕೈಗೆ ಕೊಟ್ಟಳು. ಒಂದು, ಎರಡು ಎಂದು ಶುರುಮಾಡಿದೆ. ಮಗ್ಗಕ್ಕೆ ಬಿಗಿದ ನೂಲು, ನಾನು ಮೂರು ಎನ್ನುವಷ್ಟರಲ್ಲಿ ಬೆರಳಿನಿಂದ ಜಾರಿ ಹಿಂದಕ್ಕೋಡಿತು. ಮತ್ತೆ ಹಿಡಿದೆ, ಮತ್ತೆ ಓಡಿತು. “ಸಾವಕಾಶ ಮಾಡಿದ್ರ ನಿಂದರತೈತೇನ ಅದು?” ಎಂದಳು ಅಜ್ಜಿ. ಹುಡುಗಿಗೆ ನಿಧಾನವಾಗಿ ಯಾಕೆ ಬರುವುದಿಲ್ಲ ಎಂದು ಆಗ ತಿಳಿಯಿತು. ನಿಧಾನವಾದರೆ ಇಲ್ಲಿ ಗಂಟೇ ಇಲ್ಲ.

ಭಾಗೀರಥಿ ನನ್ನ ಬೆರಳ ಮೇಲೆ ತನ್ನ ಬೆರಳಿಟ್ಟಳು. “ಕಣ್ಣ ಮುಚ್ಚರಿ ಟೀಚರ್. ಕಣ್ಣ ತಗದ್ರ ಬರೂದಿಲ್ರಿ. ನಾನೂ ಅಜ್ಜಿ ಕಡೆ ಹಂಗ ಕಲತೀನ್ರಿ.” ಮುಚ್ಚಿದೆ. ಎಷ್ಟು ಸಲ ಎಂದು ಕೇಳಬೇಡಿ. ಕೊನೆಗೊಮ್ಮೆ ಬೆರಳಿಗೆ ಏನೋ ಹೊಳೆಯಿತು, ತಲೆಗೆ ಹೊಳೆಯುವ ಮೊದಲೇ. ಕಣ್ಣು ತೆರೆದರೆ ಎಳೆ ಕೂಡಿತ್ತು. ನಲವತ್ತಾರು ವರ್ಷದ ಹೆಂಗಸು, ಲಾಡಿಯ ಗಂಟು ಬರದವಳು, ಸಣ್ಣ ಮಗುವಿನ ಹಾಗೆ “ಬಂತು! ಬಂತು!” ಎಂದು ಕೂಗಿದೆ.

ಕುತೂಹಲ ಅಲ್ಲಿಗೆ ಸುಮ್ಮನಿರಬೇಕಲ್ಲ. ಬ್ಯಾಗಿನಿಂದ ಅವಳ ಹಗ್ಗದ ತುಂಡು ತೆಗೆದೆ, ಕೈಪಿಡಿಯನ್ನೂ ತೆಗೆದೆ. ತುಂಡನ್ನು ಮಗುಚಿ ಚಿತ್ರದ ಪಕ್ಕ ಇಟ್ಟೆ. ಅದೇ ಗಂಟು. ನಿನ್ನೆ ನಾನು ಹಿಂಬದಿಯಿಂದ ನೋಡಿದ್ದೆ, ಅಷ್ಟೇ. ಹಾಗಾದರೆ ನಾನು ಕಲಿಸಿದ್ದೇನು? ಹಂತ ಹಂತವಾಗಿ ಚಿತ್ರ ನೋಡಿದೆ. ಐದನೆಯ ಹಂತದಲ್ಲಿ ಹುರಿಯ ತುದಿ ತನ್ನದೇ ಕೆಳಗೆ ನುಸುಳಬೇಕಿತ್ತು. ನಾನು ಎರಡು ರವಿವಾರ ಶ್ರದ್ಧೆಯಿಂದ ಅದನ್ನು ಮೇಲೆ ಹಾಯಿಸಿದ್ದೆ. ನನ್ನ ಗಂಟು ಗಂಟೇ ಆಗಿರಲಿಲ್ಲ. ಟೇಬಲ್ಲಿನ ಮೇಲೆ ಚೆಂದ ಕಾಣುತ್ತಿತ್ತು. ಎಳೆದು ನೋಡಿದವರು ಯಾರು? ಹನ್ನೊಂದು ತಪ್ಪು ಗಂಟಿಗೆ ಪಾಸು ಕೊಟ್ಟು, ಸರಿಯಾದ ಒಂದೇ ಒಂದಕ್ಕೆ ‘ಇಲ್ಲ’ ಎಂದು ಬರೆದಿದ್ದೆ. ಭಾಗೀರಥಿ ಆಗಲೇ ಮುಂದಿನ ಎಳೆ ಹುಡುಕುತ್ತಿದ್ದಳು.

ಸೋಮವಾರ ಬೆಳಿಗ್ಗೆ ಹೆಡ್‌ಮಾಸ್ತರರಿಗೆ ಎಲ್ಲ ಹೇಳಿದೆ. ಅವರು ಒಳ್ಳೆಯ ಮನುಷ್ಯ. “ಪಟ್ಟಿ ಹಚ್ಚಿ ಆಗೇತ್ರಿ ಟೀಚರ್. ಆ ಹುಡುಗಿ ಹೆಸರ ಕೆಳಗ ಬರದ ಬಿಡ್ರಿ. ಯಾರಿಗೆ ಗೊತ್ತಾಗತೈತಿ?” ಎಂದರು. ಸುಳ್ಳು ಯಾಕೆ ಹೇಳಲಿ, ನನಗೂ ಅದೇ ಬೇಕಾಗಿತ್ತು. ಪೆನ್ನು ಹಿಡಿದು ಬೋರ್ಡಿನ ಮುಂದೆ ನಿಂತೂ ಇದ್ದೆ. ಆದರೆ ಕೆಳಗೆ ಹೆಸರು ಬರೆದರೆ ಟೀಚರ್ ಕನಿಕರದಿಂದ ಸೇರಿಸಿಕೊಂಡರು ಎಂದಾಗುತ್ತದೆ. ಕನಿಕರ ಬೇಕಾಗಿದ್ದದ್ದು ಉಳಿದ ನಮಗೆ. ಪ್ರಾರ್ಥನೆ ಮುಗಿದ ಮೇಲೆ ಎಲ್ಲರೆದುರು ಹೇಳಿಬಿಟ್ಟೆ: “ನಾನು ತಪ್ಪು ಕಲಿಸಿದ್ದೇನೆ. ಗಂಟಿನ ಪರೀಕ್ಷೆ ಮತ್ತೆ ಆಗುತ್ತದೆ. ಎಲ್ಲರಿಗೂ, ನನಗೂ. ಪರೀಕ್ಷಕಿ ಭಾಗೀರಥಿ.”

ಮೈದಾನದಲ್ಲಿ ನಡೆದ ಆ ಪರೀಕ್ಷೆ ನೋಡಲು ಬಿಸಿಯೂಟದ ಅಕ್ಕಂದಿರೂ ಸೌಟು ಹಿಡಿದು ಬಂದು ನಿಂತರು. ಕಣ್ಣು ಮುಚ್ಚಿ ಹಾಕಬೇಕು, ಹಾಕಿದ ಮೇಲೆ ಇಬ್ಬರು ಎರಡು ಕಡೆಯಿಂದ ಜಗ್ಗಬೇಕು. ಹುಡುಗಿಯರು ಬೇಗ ಕಲಿತರು. ಅರ್ಧಕ್ಕರ್ಧ ಮಗ್ಗದ ಮನೆಯವರೇ. ‘ಹಾಳೆ ಬಾಗು’ ಎಂಬ ಹೆಸರಿಗೆ ಹೆದರಿ, ಮನೆಯಲ್ಲಿ ದಿನಾ ನೋಡುವ ಗಂಟನ್ನೇ ಗುರುತಿಸದೆ ಹೋಗಿದ್ದರು. ನನ್ನದು ಮೊದಲ ಸಲ ಜಾರಿತು, ಎರಡನೇ ಸಲವೂ ಜಾರಿತು. “ಇನ್ನೊಮ್ಮೆ ಮಾಡ್ರಿ ಟೀಚರ್,” ಎಂದಳು ಪರೀಕ್ಷಕಿ, ನಗದೆ. ಮೂರನೆಯದನ್ನು ಜಗ್ಗಿದರು, ನಿಂತಿತು. ಅವಳು ಅದನ್ನು ಮುಟ್ಟಿ ನೋಡಿ, “ಆತ್ರಿ,” ಎಂದಳು. ಅದೇ ಶಬ್ದ. ಈ ಸಲ ಕೇಳಿ ಎಷ್ಟು ಹಗುರಾದೆನೆಂದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ರವಿವಾರ ಮುಧೋಳದಲ್ಲಿ ಇಳಿದು ಹೊಲದ ದಾರಿ ಹಿಡಿದೆವು. ಎರಡೂ ಕಡೆ ಕಬ್ಬು, ಕಾಲ ಕೆಳಗೆ ಹಸಿ ಎರೆಮಣ್ಣು. ನನ್ನ ಪ್ರಖ್ಯಾತ ಬೂಟು ಹೆಜ್ಜೆಗೊಂದು ಸೇರು ಮಣ್ಣು ಹೊತ್ತು ಕುಂಬಾರನ ಅಂಗಡಿಯಾಯಿತು. ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ಮುಂದೆ ಹೋಗಿ ನನಗಾಗಿ ಕಾಯುತ್ತಿದ್ದರು. ಒಂದು ಹಳ್ಳ ಅಡ್ಡ ಬಂತು. ಕಾಲುವೆಯ ನೀರು ಬಿಟ್ಟಿದ್ದರು, ಮೊಣಕಾಲು ಮುಳುಗುವಷ್ಟಿತ್ತು. ಅಲ್ಲಿ ದನ ಕಾಯುತ್ತಿದ್ದ ಕಾಕಾ, “ಅತ್ಲಾಗ ಪೂಲ ಐತಲ್ರೆವಾ, ಅದರ ಮ್ಯಾಗ ಹಾದ ಹೋಗ್ರಿ,” ಎಂದು ಸೇತುವೆ ತೋರಿಸಿದ. ನಾನು ಆ ಕಡೆ ತಿರುಗಿದ್ದೂ ಆಗಿತ್ತು. “ನಾವು ಸಾಹಸ ಮಾಡಾಕ ಬಂದೇವ್ರಿ ಕಾಕಾ!” ಎಂದು ಹನ್ನೆರಡು ಸಾಸಿವೆ ಕಾಳು ಒಟ್ಟಿಗೆ ಸಿಡಿದವು.

ನಮ್ಮ ಹುರಿ ಸಾಲಲಿಲ್ಲ. ಕಾಕಾ ನಗುತ್ತ ಎತ್ತಿನ ಹಗ್ಗ ಕೊಟ್ಟ. ದಪ್ಪ ಹಗ್ಗ, ತೆಳು ಹುರಿ. ಕೈಪಿಡಿ ಬರೆದವನು ಎಲ್ಲೋ ಕೂತು ಇದೇ ಹಳ್ಳ ನೋಡಿ ಬರೆದನೋ ಏನೋ. ಭಾಗೀರಥಿ ಎರಡನ್ನೂ ಕೂಡಿಸಿದಳು. ಈ ದಂಡೆಯ ಜಾಲಿಯಿಂದ ಆ ದಂಡೆಯ ಜಾಲಿಗೆ ಹಗ್ಗ ಬಿಗಿದರು. ಹುಡುಗಿಯರು ಒಬ್ಬೊಬ್ಬರಾಗಿ ಹಿಡಿದು ದಾಟಿದರು. ಕೊನೆಗೆ ಉಳಿದವಳು ನಾನು.

ನಡುನೀರಿಗೆ ಬಂದಾಗ ಕಾಲ ಕೆಳಗಿನ ಕಲ್ಲು ಹೊರಳಿತು. ನನ್ನ ಭಾರವೆಲ್ಲ ಹಗ್ಗದ ಮೇಲೆ ಬಿತ್ತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಕೈ ಬಿಟ್ಟರೆ ನೀರು, ಬಿಡದಿದ್ದರೆ ಅಲ್ಲೇ. “ನನಗಾಗೂದಿಲ್ಲವಾ!” ಎಂದು ಕೂಗಿದೆ, ಟೀಚರ್ ಎನ್ನುವುದನ್ನೂ ಮರೆತು.

ದಾಟಿ ಹೋಗಿದ್ದ ಭಾಗೀರಥಿ ಮತ್ತೆ ನೀರಿಗಿಳಿದು ಬಂದಳು. ನನ್ನ ಕೈ ಹಿಡಿಯಲಿಲ್ಲ. ಗಂಟಿನ ಮೇಲೆ ತನ್ನ ಕೈಯಿಟ್ಟು ನಿಂತಳು. “ಕಣ್ಣ ಮುಚ್ಚರಿ ಟೀಚರ್. ನೀರ ನೋಡಬ್ಯಾಡ್ರಿ. ನೀವು ಸಣ್ಣಾಕಿ ಇದ್ದಾಗ ಗುಡ್ಡಾ ಹತ್ತಿದ್ರೇನ್ರಿ?”

“ಇಲ್ಲವಾ, ನೆಗಡಿ ಬಂದಿತ್ತು.”

“ಹೌದೇನ್ರಿ? ಒಂದ ಹೆಜ್ಜಿ ಇಡ್ರಿ. ಆಮ್ಯಾಲ ಏನ ಮಾಡಿದ್ರಿ?”

“ಹತ್ತಿದೆ ಅಂತ ಪ್ರಬಂಧ ಬರದೆ.”

“ಅಯ್ಯ! ಸುಳ್ಳು ಬರದ್ರೇನ್ರಿ? ಇನ್ನೊಂದ ಹೆಜ್ಜಿ ಇಡ್ರಿ.”

ಹೀಗೆ ಕೇಳುತ್ತ ಕೇಳುತ್ತ ನನ್ನ ಬಾಲ್ಯವನ್ನೆಲ್ಲ ಹೊರಗೆ ಹಾಕಿಸಿದಳು. ಕಣ್ಣು ತೆರೆದಾಗ ಕಾಲ ಕೆಳಗೆ ಒಣನೆಲವಿತ್ತು. ಅವಳ ಕೈ ಇನ್ನೂ ಹಗ್ಗದ ಮೇಲೇ ಇತ್ತು.

ತಿಮ್ಮಾಪುರದಲ್ಲಿ ನಾಯಿ ನೋಡಿದೆವು. ಭಾಗೀರಥಿ ಜಾಲರಿಗೆ ಮೂಗು ಹಚ್ಚಿ ಎಷ್ಟೋ ಹೊತ್ತು ನಿಂತಳು. ಒಳಗಿನ ನಾಯಿಯೂ ಅವಳನ್ನೇ ನೋಡುತ್ತ ನಿಂತಿತು. ಕೊನೆಗೆ ಹೊಟ್ಟೆ ಎಲ್ಲಿದೆಯೆಂದು ಅಲ್ಲಿಯ ಆಳನ್ನು ಕೇಳಿಯೇಬಿಟ್ಟಳು. ಅವನು ತಲೆ ಕೆರೆದುಕೊಂಡು, “ಒಳಗ ಐತವಾ. ಓಡಾಕ ಅಡ್ಡ ಆಗಬಾರದಂತ ಮ್ಯಾಲ ಎತ್ತಿ ಇಟ್ಕೊಂಡೈತಿ,” ಎಂದ. ಅವಳು ಇದನ್ನು ಪೂರ್ತಿ ನಂಬಲಿಲ್ಲ. ಮತ್ತೆ ಬಗ್ಗಿ ನೋಡಿದಳು. ನಾನೂ ಬಗ್ಗಿ ನೋಡಿದೆ.

ಮುಂದಿನ ವಾರ ಸೇವಾ ವಹಿಗಳು ಟೇಬಲ್ಲಿಗೆ ಬಂದವು. ಅವಳದನ್ನು ತೆರೆದೆ. ನನ್ನ ಹಳೆಯ ಕೆಂಪು ಪ್ರಶ್ನಾರ್ಥಕ ಚಿಹ್ನೆ ಅಲ್ಲೇ ಇತ್ತು. ಅದರ ಕೆಳಗೆ, ಶನಿವಾರದ ಮುಂದೆ, ‘ನೀಲವ್ವಜ್ಜಿ ಜೋಡಿ ಮಾತಾಡಿದೆ.’ ರವಿವಾರದ ಮುಂದೆ, ಅದೇ ದುಂಡನೆಯ ಅಕ್ಷರದಲ್ಲಿ, ‘ಟೀಚರ್ ಜೋಡಿ ಮಾತಾಡಿದೆ.’